ಕಡ ತಂದ ಡ್ಯಾಕ್

ಐವನ್ ಕುಟಿನ್ಹೊ ತನ್ನ ಡ್ಯಾಕನ್ನು
ಹಳೇ ಬೈರಾಸಿನಲ್ಲಿ ಸುತ್ತಿ ತಂದ,
ಬಾಣಂತಿ ಮನೆಯಿಂದ ಮಗುವನ್ನು ತರುವ ಹಾಗೆ.
"ಸೋಮವಾರದ ತನಕ ಇರಲಿ. ಕೇಳು.
ಆಮೇಲೆ ನೀನೇ ಹೇಳು ಮಾರಾಯ,
ಅರುವತ್ತೆರಡು ಸಾವಿರ ಜಾಸ್ತಿಯಾ ಅಂತ."

ನನ್ನದೂ ಒಂದುಂಟು, ಸಾಬೂನಿನಷ್ಟು ದೊಡ್ಡದು.
ಒಂಬತ್ತು ವರ್ಷದಿಂದ ಅಂಕೆಗಳನ್ನು ಅರೆದು
ನಾದ ಮಾಡಿ ಕೊಡುತ್ತಿದೆ, ಒಂದು ರಜೆ ಕೇಳದೆ.
ಮಲ್ಪೆಯ ಉಪ್ಪುಗಾಳಿಗೆ ಅದರ ಹಿಂಬದಿಯ ತೂತುಗಳು
ಹಸಿರು ಕಟ್ಟಿವೆ,
ಹುಳಿ ಕಾಣದ ತಾಮ್ರದ ಚೆಂಬಿನಂತೆ.

ಕುರ್ಚಿ ಎಳೆದು ಕೂತೆ.
ಕಲ್ಯಾಣಪುರದ ಶಾಲೆಯ ಹಾಲಿನಲ್ಲಿ
ಐವನೇ ರೆಕಾರ್ಡು ಮಾಡಿದ ವೀಣೆ ಕಚೇರಿ.
ನಾನೂ ಅಲ್ಲಿದ್ದೆ, ಮೂರನೇ ಸಾಲು, ಫ್ಯಾನಿನ ಕೆಳಗೆ.
ಮೊದಲು ನನ್ನ ಡಬ್ಬಿ. ಆಮೇಲೆ ಅವನದು.
ತಂತಿಯ ಮೇಲೆ ಬೆರಳು ಜಾರುವುದು
ಈಗ ಹತ್ತಿರ ಬಂದಂತೆ ಅನ್ನಿಸಿತು.
ಹಾಗೆ ಅನ್ನಿಸಬೇಕು ಅಂತಲೂ ಅನ್ನಿಸಿತು.
ಎರಡರಲ್ಲಿ ಯಾವುದು ಮೊದಲು ಬಂತೋ
ದೇವರಾಣೆ ಗೊತ್ತಿಲ್ಲ.

ಜಲಜನನ್ನು ಕರೆದೆ.
ಬೂತಾಯಿ ಶುಚಿ ಮಾಡುತ್ತಿದ್ದವಳು
ಸೆರಗಿಗೆ ಕೈ ಒರೆಸಿಕೊಂಡು ಬಂದಳು.
ನಾನು ಕಣ್ಣು ಮುಚ್ಚುವುದು, ಅವಳು ವಯರು ಬದಲಿಸುವುದು,
ಯಾವುದೆಂದು ನಾನು ಹೇಳುವುದು.
"ಇದು ಐವನಂದು." "ಅಲ್ಲ."
"ಇದು?" "ಹೌದು."
"ಈಗ?" "ಈಗ ನಾನು ಬದಲಿಸಲೇ ಇಲ್ಲ."
ಹತ್ತರಲ್ಲಿ ಆರು ಸರಿ.
ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು.

ಮೀಟರ್ ಬಾಕ್ಸಿನ ಹಿಂದೆ ಒಂದು ಕಾಗದ ಉಂಟು.
ಮಣಿಪಾಲದಲ್ಲಿ, ಗಾಜಿನ ಕೋಣೆಯಲ್ಲಿ,
ಕೈಗೊಂದು ಗುಂಡಿ ಕೊಟ್ಟು ಕೂರಿಸಿದ್ದರು,
ಕೇಳಿದಾಗ ಒತ್ತಿ ಎಂದು.
ನಾಲ್ಕು ಸಾವಿರ ಹರ್ಟ್ಸ್ ದಾಟಿದ್ದೇ
ಗೆರೆ ದಕ್ಕೆಯ ಮೆಟ್ಟಿಲಿಳಿದು
ನೀರೊಳಗೆ ಹೋಗಿತ್ತು.
ಐಸ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ
ಕಂಪ್ರೆಸರಿನ ಎಡಬದಿಗೇ ನನ್ನ ಸ್ಟೂಲು.
ಕಿವಿಗೆ ಹತ್ತಿ ಇಟ್ಟವರನ್ನು ನೋಡಿ ನಗುತ್ತಿದ್ದೆವು.
ಆ ಕಾಗದದ ವಿಷಯ ಐವನ್‌ಗೆ ಹೇಳಿಲ್ಲ.
ಜಲಜನಿಗೂ ಅರ್ಧ ಹೇಳಿದ್ದೇನೆ.

ಅವಳು ಹೊರಟವಳು ಬಾಗಿಲಲ್ಲಿ ನಿಂತಳು.
"ಯಾರೋ ಪೆಪ್ಪರ್‌ಮಿಂಟ್ ಬಿಡಿಸ್ತಿದ್ದಾರೆ."
"ಎಲ್ಲಿ?"
"ಅದರಲ್ಲೇ. ವೀಣೆಯ ಹಿಂದೆ. ಚರಪರ ಚರಪರ."
ನನಗೆ ವೀಣೆ ಮಾತ್ರ.
ಹಿಂದಕ್ಕೆ ಓಡಿಸಿದೆ. ಸದ್ದು ಏರಿಸಿದೆ.
ಬಲಗಿವಿಯನ್ನು ಸ್ಪೀಕರಿಗೆ ಕೊಟ್ಟು ಬಗ್ಗಿದೆ.
ವೀಣೆ ಮಾತ್ರ.

ಓ, ಇದೇ ಅರುವತ್ತೆರಡು ಸಾವಿರ ಅಂದುಕೊಂಡೆ.
ನನಗಲ್ಲದಿದ್ದರೂ ಇವಳಿಗಾದರೂ ಇರಲಿ ಎಂದು
ಮನಸ್ಸು ಆಗಲೇ ಚೀಟಿಫಂಡಿನ ಬಾಗಿಲು ತಟ್ಟಿತ್ತು.
"ನನ್ನ ಹಳೆಯದರಲ್ಲಿ ಇದು ಕೇಳುತ್ತಿರಲಿಲ್ಲ, ಅಲ್ವಾ?"
"ಎಂತ ಕೇಳದೆ? ಒಂಬತ್ತು ವರ್ಷದಿಂದ ಕೇಳ್ತಾ ಇದ್ದೇನೆ.
ನೀವೇ ತಾನೆ ಅದು?
ಅವತ್ತು ಕೆಮ್ಮು ಅಂತ
ಜೇಬು ತುಂಬಾ ಇಟ್ಟುಕೊಂಡು ಹೋದದ್ದು?"

ಅಡುಗೆಮನೆಯಲ್ಲಿ ನೀರು ಬಿಟ್ಟ ಸದ್ದು. ಅದು ಕೇಳಿಸಿತು.

ರಾತ್ರಿ ಹಳೇ ಡಬ್ಬಿಯನ್ನು ಮಗುಚಿ ಹಾಕಿ
ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ
ಒಂದೊಂದೇ ತೂತು ಉಜ್ಜಿದೆ.
ಹತ್ತಿ ಪಾಚಿಯಷ್ಟು ಹಸಿರಾಯಿತು.
ಮತ್ತೆ ಹಾಕಿ ಕೇಳಿದೆ. ಬೆರಳು ಹತ್ತಿರ ಬಂದಿತ್ತು,
ಅಥವಾ ಬರಬೇಕು ಅಂತ ಅನ್ನಿಸಿತ್ತು.

ಸೋಮವಾರ ಐವನ್ ಫೋನು ಮಾಡಿದ:
"ಎಂತ, ತೀರ್ಮಾನ ಆಯಿತಾ?"
ಫೋನನ್ನು ಬಲಗಿವಿಗೆ ಬದಲಿಸಿಕೊಂಡೆ.
ಎರಡೂ ಡಬ್ಬಿಗಳು ಮೇಜಿನ ಮೇಲೆ
ದೀಪ ಉರಿಸಿಕೊಂಡು ಕೂತಿದ್ದವು.
ಮೂರನೇ ಸಾಲಿನಲ್ಲಿ ಒಬ್ಬ
ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ
ಕಾಗದ ಬಿಡಿಸುತ್ತಿದ್ದ.
"ಇನ್ನೆರಡು ದಿನ ಇರಲಿ ಮಾರಾಯ," ಅಂದೆ.
"ಜಲಜ ಇನ್ನೂ ಕೇಳ್ತಾ ಇದ್ದಾಳೆ."