ಭಿನ್ನ

ಶಿವಾರಪಟ್ಟಣದಲ್ಲಿ ಬೆಳಗಾಗುವುದು
ಗ್ರೈಂಡರು ಕೂಗಿದ ಮೇಲೆ.
ಬ್ರಹ್ಮಯ್ಯ ಮಾವ ಕಲ್ಲು ಕೊಯ್ಯುತ್ತಾನೆ,
ನಾನು ಚೊಂಬಿನಿಂದ ನೀರು ಬಿಡುತ್ತೇನೆ,
ಬೂದಿ ಬಣ್ಣದ ಹಾಲು ಹರಿದು ಜಾಲಿ ಬುಡ ಸೇರುತ್ತದೆ.

ನಂದಿಬೆಟ್ಟದ ಕೆಳಗೆ ರೆಸಾರ್ಟು ಕಟ್ಟುವವನು
ಮೊಬೈಲಿನಲ್ಲಿ ಒಂದು ಮುಖ ತೋರಿಸಿದ.
ಕಾಂಬೋಡಿಯಾದ ಕಾಡಿನ ಗುಡಿ,
ಗೋಪುರದ ನಾಲ್ಕು ದಿಕ್ಕಿಗೂ ಅದೇ ಮುಖ:
ದಪ್ಪ ತುಟಿ, ಮುಚ್ಚಿದ ಕಣ್ಣು,
ಉಂಡು ಜಗಲಿಯಲ್ಲಿ ಕೂತವರ ನಗು.
"ಹಿಂಗೇ ಬೇಕು. ಮೂಗು ಮುರಿದಿರಬೇಕು,
ಪಾಚಿ ಕಟ್ಟಿರಬೇಕು, ಕೆನ್ನೆ ಮೇಲೆ ಬೇರು ಇಳಿದಿರಬೇಕು.
ದೀಪಾವಳಿ ಒಳಗೆ."

ಬೆರಳು ಮುಕ್ಕಾದ ಗಣಪತಿಯನ್ನು
ಹಿತ್ತಲಿಗೆ ಹೊರುವ ಮನೆ ನಮ್ಮದು.
ಭಿನ್ನವಾದದ್ದು ಪೂಜೆಗೆ ಬಾರದು.
ಅಲ್ಲೊಬ್ಬಳು ಕೈಯಿಲ್ಲದ ಲಕ್ಷ್ಮಿ,
ಕಿವಿ ಹಾರಿದ ಬಸವನ ಬೆನ್ನ ಮೇಲೆ
ನನ್ನ ದುಪಟ್ಟಾ ಒಣಗುತ್ತದೆ.

ಮಾವ ತಲೆ ಕೆರೆದು ಅಂದ:
"ಮುರಿದಿದ್ದಕ್ಕೆ ರೇಟು ಜಾಸ್ತಿ ಆಗ್ತದೆ ಸ್ವಾಮಿ."
ಆಗಲಿ ಅಂದ ಅವನು.

ರಾತ್ರಿಯೆಲ್ಲ ಮಾವ ಎರಡು ಬೆರಳಲ್ಲಿ
ಆ ಮುಖವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ.
"ಒಂದೇ ಕಲ್ಲಲ್ಲ ಕಣೇ ಇದು.
ತುಟಿ ಒಂದು ಕಲ್ಲು, ಕಣ್ಣು ಇನ್ನೊಂದು,
ಜೋಡಿಸಿ ಆಮೇಲೆ ಕೆತ್ತವ್ನೆ, ಕಳ್ಳ!
ಎಡಗಡೆ ತುಟಿ ಒಂದು ಕೂದಲು ಕೆಳಗೆ.
ಸಂಜೆ ಆಗಿತ್ತೇನೋ, ಬೆಳಕು ಸಾಲದೆ..."
ಸತ್ತು ಎಂಟುನೂರು ವರ್ಷವಾದವನ ಮೇಲೆ
ಪಕ್ಕದ ಶೆಡ್ಡಿನವನ ಮೇಲೆ ಮಾಡಿದಂತೆ
ದೂರು ಹೇಳುತ್ತ ನಕ್ಕ.

ಮೂಗನ್ನು ಪೂರ್ತಿ ಕೆತ್ತಿದ. ಹೊಳ್ಳೆ ಸಮೇತ.
ಯಾಕೆ ಅಂದೆ.
"ಇಲ್ಲದ್ದನ್ನ ಮುರಿಯೋದು ಹೆಂಗೆ?"
ಆಮೇಲೆ ಸುತ್ತಿಗೆ ನನ್ನ ಕೈಗಿಟ್ಟು
ಬೀಡಿ ಹಚ್ಚುವ ನೆಪದಲ್ಲಿ ಬೀದಿಗೆ ಹೋದ.

ಎಷ್ಟು ಮಳೆ, ಯಾವ ದಂಡು, ಯಾವ ಮರ
ಸೇರಿ ಮಾಡಿದ ಕೆಲಸವೋ ಅದು.
ನನಗೆ ಒಂದೇ ಏಟು.
ಮೂಗು ಬಿತ್ತು.
ನಗು ಅಲುಗಲಿಲ್ಲ.
ಸುಳ್ಳೇಕೆ, ಮೂಗಿದ್ದಾಗ ಅದು ಬರೀ ಚೆಂದವಿತ್ತು,
ಈಗ ಏನನ್ನೋ ಬಲ್ಲವರಂತೆ ನಗುತ್ತಿತ್ತು.
ನನಗೆ ಸಿಟ್ಟು ಬಂತು.

ಪಾಚಿ ಏಳಲೆಂದು ದಿನಾ ಹುಳಿಮಜ್ಜಿಗೆ ಬಳಿದೆ.
ಬೀದಿಯ ಹೆಂಗಸೊಬ್ಬಳು ಅಭಿಷೇಕವೆಂದು ತಿಳಿದು
ಚಪ್ಪಲಿ ಕಳಚಿ ಕೈಮುಗಿದಳು.
ಬೇಡವೆನ್ನಲು ಬಾಯಿ ಬರಲಿಲ್ಲ.

ಲಾರಿ ಬಂತು. ಹುಲ್ಲು ಹಾಸಿ ಮಲಗಿಸಿದರು.
ಮಾಲೂರು ರಸ್ತೆ ತಿರುವಿನವರೆಗೂ
ಆಕಾಶಕ್ಕೆ ಮುಖ ಮಾಡಿ ನಗುತ್ತ ಹೋಯಿತು.

ಮೂಗು ಇಲ್ಲೇ ಇದೆ,
ಕರೆಂಟು ಬಿಲ್ಲು ಹಾರದಂತೆ ಅದರ ಮೇಲೆ ಇಟ್ಟಿದ್ದೇನೆ.
ಅಲ್ಲಿನ ಮೂಗು ಯಾರ ಮನೆಯಲ್ಲಿದೆಯೋ,
ಏನನ್ನು ಹಾರದಂತೆ ಹಿಡಿದಿದೆಯೋ.