ಹೆಬ್ಬೆರಳು ಗಾತ್ರದ ಕಳವು

ಗುಡ್ಡ ಹತ್ತುವಾಗ ನನ್ನ ಹಿಂದೆ ಹದಿನೇಳು ಕಾರು,
ಒಂದು ಟ್ರ್ಯಾಕ್ಟರು, ಒಂದು ಶವದ ಗಾಡಿ.
ಶವದ ಗಾಡಿಯವನೂ ಹಾರ್ನ್ ಹೊಡೆದ.

ಏನು ಮಾಡಲಿ, ನನ್ನ ಬೆಡ್‌ಫರ್ಡಿಗೆ ಐವತ್ತೇಳು,
ನನಗೆ ಅದಕ್ಕಿಂತ ನಾಲ್ಕು ಹೆಚ್ಚು,
ಏರು ಇಬ್ಬರಿಗೂ ಆಗಿಬರುವುದಿಲ್ಲ.

ವೇಲ್ಸಿನ ಪಡುವಣ ತುದಿ; ಇನ್ನೊಂದು ಗೇರು ಹಾಕಿದರೆ ಐರಿಷ್ ಕಡಲು.
ಪಾರಿ ಅಜ್ಜಿಯ ಕುರಿಹೊಲಕ್ಕೆ ಆಗಸ್ಟಿನ ಕೊನೆಗೆ ಬರುತ್ತೇವೆ
ಒಂಬತ್ತು ಹಳೇ ವ್ಯಾನು. ವ್ಯಾನಿಗೆ ಐದು ಪೌಂಡು,
ಮೊಟ್ಟೆಗೆ ಬೇರೆ.
ಗ್ವಿಲಿಮನ ಹಸಿರು ಫೋಕ್ಸ್‌ವ್ಯಾಗನ್ನು,
ಹಾಲೆಂಡಿನಿಂದ ಹಡಗು ಹತ್ತಿ ಬರುವ ಯೋಸ್ಟನ ಹಂದಿಮೂತಿಯ ಸಿಟ್ರೊಯೆನ್ನು,
ಎಲಿನೆಡ್ ಹೊಲಿದ ಪರದೆಗಳ ಹಿಂದೆ ಎಲ್ಲೋ ಒಂದು ವ್ಯಾನು.
ಹೆತ್ತವರಿಗೆ ಹೆಗ್ಗಣ ಮುದ್ದು. ಇಲ್ಲಿ ಎಲ್ಲರ ಹೆಗ್ಗಣವೂ ಸೋರುತ್ತದೆ,
ಯಾರದು ಕಡಿಮೆ ಸೋರುತ್ತದೆಂಬುದೇ ರಾತ್ರಿ ಒಂದರವರೆಗೆ ಮಾತು.

ಮತ್ತೆ ಹೆದ್ವಿನ್. ಅವನ ಕಾಮರ್.
ಗಣಿಯಲ್ಲಿ ಸ್ಲೇಟು ಸೀಳಿದ ಕೈ; ಈಗ ಅದೇ ಕೈಯಲ್ಲಿ
ಬಂಪರು ತಿಕ್ಕಲು ಹಲ್ಲುಜ್ಜುವ ಬ್ರಷ್ಷು.
ನನ್ನ ಬಾಗಿಲನ್ನು ಮೆಲ್ಲಗೆ ತಟ್ಟಿ, ಉದುರಿದ ತುಕ್ಕನ್ನು
ಅಂಗೈಯಲ್ಲಿ ಹಿಡಿದು ನನಗೇ ಕೊಡುತ್ತಾನೆ:
"ಇಟ್ಟುಕೋ, ಬಿಡಿಭಾಗ ಸಿಗುವುದು ಕಷ್ಟ."

ಶನಿವಾರ ಕೆಟಲ್ ಪಂದ್ಯ. ಎಂಜಿನ್ ಆರಿಸಿದ ಕ್ಷಣದಿಂದ
ಸೀಟಿ ಕೂಗುವವರೆಗೆ, ಯಾರು ಮೊದಲು.
ಗೆದ್ದವರಿಗೆ ಗುಜರಿಯಿಂದ ಹೆಕ್ಕಿದ ಚಕ್ರದ ಮುಚ್ಚಳ;
ಐದು ವರ್ಷದಿಂದ ಅದು ಅವನ ಡ್ಯಾಶ್‌ಬೋರ್ಡಿನ ಮೇಲೆ.
ಈ ಸಲವೂ ಅವನದೇ ಕೂಗಿತು.
ಹೊಲ ಇಳಿಜಾರು, ಉರಿ ಒಂದೇ ಕಡೆ ತಾಗಿತು ಎಂದೆ.
ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಎಲ್ಲರೂ ನಕ್ಕರು.
ಆದರೆ ನೆಲ ಡೊಂಕೇ. ಕಿತ್ತಳೆಹಣ್ಣು ಇಟ್ಟು ತೋರಿಸಿದೆ,
ಅದು ಉರುಳಿ ಉರುಳಿ ಕಾಮರ್ ಅಡಿಗೆ ಹೋಯಿತು,
ಅವನು ಸುಲಿದು ತಿಂದ.

ತಿನ್ನುತ್ತಲೇ ಹೇಳಿದ: ನಾಳೆ ಬೆಳಿಗ್ಗೆ ಹೊರಡುತ್ತೇನೆ.
ಸೋಮವಾರ ಮಧ್ಯಾಹ್ನ ಕಣ್ಣಿನ ಪರೀಕ್ಷೆ, ಲೈಸೆನ್ಸಿಗೆ.
ದೂರದಿಂದ ಅಕ್ಷರ ಓದಿಸುತ್ತಾರಂತೆ.
ಯಾರೂ ಏನೂ ಅನ್ನಲಿಲ್ಲ. ಗ್ವಿಲಿಮ್ ಒರೆಸಿದ ಸ್ಪ್ಯಾನರನ್ನೇ ಒರೆಸಿದ.

ಆ ರಾತ್ರಿ ನಾನು, ಚರ್ಚಿನಲ್ಲಿ ಆರ್ಗನ್ ನುಡಿಸುವವಳು,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಬೀಗ ಕೆಟ್ಟ ಬಾಗಿಲು ತೆರೆದು
ಸೀಟಿನ ಬದಿಯ ಎಂಜಿನ್ ಮುಚ್ಚಳ ಎತ್ತಿ
ಡಿಸ್ಟ್ರಿಬ್ಯೂಟರಿನ ರೋಟರು ಕಿತ್ತೆ.
ಹೆಬ್ಬೆರಳಿನಷ್ಟು ಕಪ್ಪು ತುಂಡು; ಅದಿಲ್ಲದೆ ಕಿಡಿ ಎಲ್ಲಿಗೂ ಹೋಗದು.
ಹಿಂದುಗಡೆ ಹೆದ್ವಿನ್‌ನ ಗೊರಕೆ,
ಯಾಕೋ ಸ್ವಲ್ಪ ಜಾಸ್ತಿಯೇ ಜೋರು.

ಬೆಳಿಗ್ಗೆ ಸ್ಟಾರ್ಟರು ಕೆಮ್ಮಿತು, ಕೆಮ್ಮಿತು, ಸುಮ್ಮನಾಯಿತು.
ಎಂಟು ಜನ ಹತ್ತು ರೋಗ ಹೇಳಿದರು.
ಯೋಸ್ಟ್ ಪೆಟ್ರೋಲು ಮೂಸಿದ, ಎಲಿನೆಡ್ ಬ್ಯಾಟರಿಯನ್ನು ಬೈದಳು,
ನಾನು ನಾಚಿಕೆಯಿಲ್ಲದೆ ಕಾರ್ಬ್ಯುರೇಟರಿನ ಮೇಲೆ ಹಾಕಿದೆ.
ಹೆದ್ವಿನ್ ಒಮ್ಮೆ ಇಣುಕಿ, "ಇವತ್ತು ಆಗುವುದಲ್ಲ" ಎಂದು
ಕುರ್ಚಿ ಬಿಚ್ಚಿ ಕೂತ.

ಸಂಜೆ ವಿಶೇಷವೇನೂ ಇರಲಿಲ್ಲ. ಮೊಟ್ಟೆ ಕರಿದೆವು.
ಗಾಳಿ ಎಲಿನೆಡಳ ಒಂದು ಪರದೆ ಹೊತ್ತು ಕುರಿಯ ಮೇಲೆ ಹಾಕಿತು,
ಕುರಿ ಹೊದ್ದುಕೊಂಡೇ ಮೇಯಿತು.
ದ್ವೀಪದ ದೀಪಸ್ತಂಭ ಹೊತ್ತಿತು.
"ಕೆಂಪೋ ಬಿಳಿಯೋ?" ಹೆದ್ವಿನ್ ಕೇಳಿದ.
ಕೆಂಪು, ಎಂದೆ.
"ನನಗೂ ಹಾಗೇ ಅನ್ನಿಸಿತು."

ಎಲ್ಲರೂ ಮಲಗಿದ ಮೇಲೆ ಚಹಾ ಮಾಡಿದೆ. ಸಕ್ಕರೆ ಕೇಳಿದ.
ಮರೆತು ಡಬ್ಬಿಯನ್ನೇ ಕೊಟ್ಟುಬಿಟ್ಟೆ.
ಚಮಚ ಯಾವುದಕ್ಕೋ ತಾಗಿತು, ಟಕ್.
ಅವನು ಒಳಗೆ ನೋಡಲಿಲ್ಲ. ಎರಡು ಚಮಚ ಹಾಕಿಕೊಂಡ, ಕಲಕಿದ,
ಅಂಗಿಯ ಜೇಬಿನಿಂದ ಇನ್ನೊಂದು ರೋಟರು ತೆಗೆದು ಮೇಜಿನ ಮೇಲಿಟ್ಟ.
"ಬದಲಿ ಇಲ್ಲದೆ ಯಾರಾದರೂ ಕಾಮರ್ ಓಡಿಸುತ್ತಾರೆಯೇ, ಮೆರೆರಿದ್?
ಸಕ್ಕರೆಯೊಳಗಿನದನ್ನು ತೊಳೆದು ಕೊಡು.
ಇರುವೆ ಹತ್ತೀತು."