ಹದಿನೇಳನೆಯ ಪ್ರಶ್ನೆ

ಕಟಿಂಗ್ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತೀರಾ?
ಫಾರ್ಮಿನಲ್ಲಿ ಇದು ಹದಿನೇಳನೆಯದು.
ಮಡಗಾವಿನ ಬ್ಲಡ್ ಬ್ಯಾಂಕಿನ ಕಿಟಕಿಯಿಲ್ಲದ ಕೋಣೆಯಲ್ಲಿ
ಕೊಂಕಣಿಯಲ್ಲಿ ಕೇಳುತ್ತೇನೆ, ಗಂಡಸರೆಲ್ಲ ಹೂಂ ಅನ್ನುತ್ತಾರೆ,
ಟಿಕ್ ಹಾಕಿ ಹದಿನೆಂಟಕ್ಕೆ ಹೋಗುತ್ತೇನೆ: ಹಚ್ಚೆ.

ಫಕೀರಪ್ಪ ಮಾತ್ರ ನಕ್ಕುಬಿಟ್ಟ.
ಕೊಂಕಣಿ ಬಿಟ್ಟು ರೋಣದ ಕಡೆಯ ಕನ್ನಡಕ್ಕೆ ಹೊರಳಿ,
“ಮಾಡಿಸ್ಕೊಳ್ಳೂದಲ್ರೀ ಬಾಯಾರ, ಮಾಡಾಂವ ನಾನ.”

ವಾಸ್ಕೊದಲ್ಲಿ, ಬೈನಾ ಇಳಿಜಾರಿನಲ್ಲಿ, ಎರಡು ಕುರ್ಚಿ.
ಬಂದರಿನ ಹಮಾಲರು, ಟ್ರಾಲರಿನವರು, ಕೆಲವು ಸಲ
ಹೆಣ್ಣು ನೋಡಲು ಊರಿಗೆ ಹೊರಟವರು.
ಯೂನಿಯನ್ನಿನ ಶಿಬಿರದಲ್ಲಿ ಮೊದಲ ಸಲ ರಕ್ತ ಕೊಟ್ಟ;
ಬಿಸ್ಕಿಟು ಮಗಳಿಗೆಂದು ಜೇಬಿಗಿಟ್ಟ.
ಆಮೇಲೆ ನನ್ನ ಫೋನು.

ಸಾವಿರ ಚೀಲಕ್ಕೆ ಎರಡೋ ಮೂರೋ ನನ್ನ ರಿಜಿಸ್ಟರಿನಲ್ಲಿ
ಕೆಂಪು ಪೆನ್ನಿನ ಸಾಲು. ಹೆಪಟೈಟಿಸ್ ಸಿ.
ಇನ್ನೊಂದು ಟೆಸ್ಟಿದೆ, ಅದೂ ಹಾಗೇ ಬಂದರೆ
ಮೂರು ತಿಂಗಳ ಮಾತ್ರೆ, ಬಹುಮಟ್ಟಿಗೆ ವಾಸಿ,
ಹೇಳುತ್ತಲೇ ಇದ್ದೆ. ಅವನು ತನ್ನ ಹೆಬ್ಬೆರಳು ನೋಡುತ್ತಿದ್ದ.

ಅಲ್ಲಿ ಗೆರೆಗಳು. ಬಲೂನಿಗೆ ಸೋಪು ಹಚ್ಚಿ
ಕತ್ತಿ ಆಡಿಸಲು ಕಲಿತ ವಯಸ್ಸಿನವು ಕೆಲವು,
ಕೆಲವು ಮೊನ್ನೆಯವು.
“ಬ್ಲೇಡ್ ಮಂದಿಗೊಂದು ಹೊಸಾದ್ರೀ, ಮುರದು ಹಾಕ್ತೀನಿ, ಆಣಿ ಮಾಡ್ತೀನಿ.
ಆದ್ರ ಪಟಿಕ...”
ಅಲ್ಲಿಗೆ ನಿಂತ.

ಅಪ್ಪನ ಕಾಲದ ಪಟಿಕದ ತುಂಡು.
ಬೆಲ್ಲದಚ್ಚಿನಷ್ಟಿದ್ದದ್ದು ಸವೆದು ಸವೆದು
ಸಾಬೂನಿನ ಚೂರಾಗಿದೆ.
ಗಾಯವಾದ ಗಲ್ಲಕ್ಕೆಲ್ಲ ಅದೇ,
ತನ್ನ ಬೆರಳಿಗೂ ಅದೇ.
ಉರಿದರೆ ಹೊಲಸು ಸತ್ತಿತು ಎಂದೇ ಎಲ್ಲರ ನಂಬಿಕೆ.

“ಹಂಗಾರ ನಾ ತಗೊಂಡೆನ್ರೀ, ಇಲ್ಲಾ ಕೊಟ್ಟೆನ್ರೀ?”

ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಕಾರಣ ಎಂಬಲ್ಲಿ ಮೂರು ಸಲ ಪೆನ್ನಿಟ್ಟು
ಕೊನೆಗೆ ‘ಗೊತ್ತಾಗಿಲ್ಲ’ ಎಂದು ಬರೆದೆ. ಸುಳ್ಳಲ್ಲ:
ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡ ಸೂಜಿಗಳನ್ನು
ಕುದಿಸಿದ್ದರೋ ಇಲ್ಲವೋ ಯಾರು ಬಲ್ಲರು.

“ಆ ರಕ್ತ ಏನ್ ಮಾಡಿದ್ರಿ?”
ಸುಡುತ್ತೇವೆ, ಅಂದೆ.
“ಕೂದ್ಲಾ ಗುಡಿಸಿ ಒಗದಂಗ” ಅಂದ,
ಕೆಲಸ ಬಲ್ಲವನ ಧಾಟಿಯಲ್ಲಿ.

ಎರಡನೇ ಸ್ಯಾಂಪಲ್ ಕೊಟ್ಟು, ಹತ್ತಿ ಒತ್ತಿ ತೋಳು ಮಡಚಿ
ಬಾಗಿಲವರೆಗೆ ಹೋದವನು ತಿರುಗಿದ.
“ನಾಳೆ ಐತವಾರ, ಗಿರಾಕಿ ಭಾಳ. ಅಂಗಡಿ ತೆಗೀಲೇನ್ರೀ?”
ತೆಗೆಯಿರಿ, ಅಂದೆ. ಪಟಿಕ ಮಾತ್ರ...
“ಹೂನ್ರೀ” ಅಂದ.
“ಹೆಂಗೂ ನೀರಾಗ ಕರಗ್ತೈತಿ.”